ಎಂಬಿಎ ಪ್ರವೇಶ ಪರೀಕ್ಷೆ: ಓದಬೇಕಾದ ವಿಷಯಗಳಾವುವು?

ಕೆಲವು ವರ್ಷಗಳ ಹಿಂದೆ ನಾನು ನಿರ್ಮಿಸುತ್ತಿದ್ದ ವೃತ್ತಿ ಮಾರ್ಗದರ್ಶನದ ನೇರ ಪ್ರಸಾರಕ್ಕೆ ಸಿಂಧನೂರಿನ ಕಡೆಯಿಂದ ಒಬ್ಬ ವಿದ್ಯಾರ್ಥಿನಿ ಫೋನ್ ಮಾಡಿದ್ದಳು. "ಸರ್, ನಾ ಬಿ.ಎ. ಎರಡನೇ ವರ್ಷ ಓದಾಕತ್ತೀನ್ರಿ. ಕಾಮರ್ಸ್ ಓದಿಲ್ರಿ. ಎಂಬಿಎ ಎಂಟ್ರೆನ್ಸಿಗೆ ಯಾವ ಸಬ್ಜೆಕ್ಟ್ ಓದ್ಬೇಕ್ರಿ?" ಎಂದು ಕೇಳಿದಳು. ಕಾರ್ಯಕ್ರಮ ಮುಗಿಯಲು ಒಂದು ನಿಮಿಷವೂ ಉಳಿದಿರಲಿಲ್ಲ. ಅತಿಥಿಗಳು ಅವಸರದಲ್ಲಿ ನಾಲ್ಕೈದು ದಪ್ಪ ಗೈಡುಗಳ ಹೆಸರು ಹೇಳಿದರು. ಕಂಟ್ರೋಲ್ ರೂಮಿನಲ್ಲಿ ಕುಳಿತಿದ್ದ ನಾನೇ ಗಡಿಯಾರ ನೋಡಿ ಕರೆಯನ್ನು ಮುಗಿಸುವಂತೆ ಸೂಚಿಸಿದೆ. ಅವಳು ಕೇಳಿದ್ದು ಪುಸ್ತಕಗಳ ಹೆಸರನ್ನಲ್ಲ, ವಿಷಯಗಳನ್ನು. ಅಂದು ಸಲ್ಲದೆ ಉಳಿದ ಆ ಉತ್ತರವನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಒಂದು ಭ್ರಮೆಯನ್ನು ಬಿಡಿಸಿಕೊಳ್ಳೋಣ. ವ್ಯವಹಾರ ನಿರ್ವಹಣೆಯನ್ನು ಕಲಿಸುವ ಶಾಲೆಗೆ ಸೇರಬೇಕಾದರೆ ವ್ಯವಹಾರವನ್ನೇ ಓದಿಕೊಂಡು ಹೋಗಬೇಕು ಎಂದು ಬಹಳ ಮಂದಿ ತಿಳಿದಿದ್ದಾರೆ. ಲೆಕ್ಕಪತ್ರ, ಮಾರುಕಟ್ಟೆ, ಷೇರು ಪೇಟೆ ಇವುಗಳ ಮೇಲೆ ಪ್ರಶ್ನೆ ಬರುತ್ತದೆ ಎಂದುಕೊಂಡು ಕಲಾ ಮತ್ತು ವಿಜ್ಞಾನ ವಿಭಾಗದ ಅನೇಕರು ಅರ್ಜಿಯನ್ನೇ ಹಾಕುವುದಿಲ್ಲ. ನಮ್ಮ ದೇಶದ ಅತಿ ದೊಡ್ಡ ವ್ಯವಹಾರ ಶಿಕ್ಷಣ ಪ್ರವೇಶ ಪರೀಕ್ಷೆಯಾದ ಸಿಎಟಿ, ಅಂದರೆ ಎಲ್ಲರ ಬಾಯಲ್ಲಿ 'ಕ್ಯಾಟ್' ಆಗಿರುವ ಪರೀಕ್ಷೆಯಲ್ಲಿ ಲೆಕ್ಕಪತ್ರದ ಒಂದು ಪ್ರಶ್ನೆಯೂ ಇರುವುದಿಲ್ಲ. ಕಲ್ಕತ್ತೆ ಮತ್ತು ಅಹಮದಾಬಾದಿನಲ್ಲಿ 1961ರಲ್ಲಿ, ನಮ್ಮ ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಭಾರತೀಯ ವ್ಯವಸ್ಥಾಪನಾ ಸಂಸ್ಥೆಗಳು, ಅನಂತರ ಬಂದ ಅವುಗಳ ಸೋದರ ಸಂಸ್ಥೆಗಳು ಈ ಪರೀಕ್ಷೆಯನ್ನು ಸರದಿಯ ಮೇಲೆ ನಡೆಸುತ್ತವೆ. ಯಾವುದೇ ವಿಷಯದ ಪದವಿಯಲ್ಲಿ ಸಾಮಾನ್ಯವಾಗಿ ಶೇಕಡಾ 50, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಹಾಗೂ ಅಂಗವಿಕಲರಿಗೆ ಶೇಕಡಾ 45 ಅಂಕಗಳಿದ್ದರೆ ಸಾಕು. ಅಂತಿಮ ವರ್ಷದಲ್ಲಿ ಓದುತ್ತಿರುವವರೂ ಬರೆಯಬಹುದು.

ಹಾಗಾದರೆ ಅದರಲ್ಲಿ ಇರುವುದೇನು? 2008ರವರೆಗೆ ಕಾಗದದ ಮೇಲೆ ನಡೆಯುತ್ತಿದ್ದ ಈ ಪರೀಕ್ಷೆ 2009ರಿಂದ ಕಂಪ್ಯೂಟರಿಗೆ ಬಂದಿದೆ. 2024ರ ಪರೀಕ್ಷೆಯಲ್ಲಿ 68 ಪ್ರಶ್ನೆಗಳಿದ್ದವು. ಸಮಯ 120 ನಿಮಿಷ. ಮೂರು ವಿಭಾಗಗಳು, ತಲಾ 40 ನಿಮಿಷ. ಇಂಗ್ಲಿಷ್ ಓದು ಮತ್ತು ಭಾಷಾ ಸಾಮರ್ಥ್ಯಕ್ಕೆ 24 ಪ್ರಶ್ನೆ, ದತ್ತಾಂಶ ವಿಶ್ಲೇಷಣೆ ಮತ್ತು ತರ್ಕಕ್ಕೆ 22, ಗಣಿತಕ್ಕೆ 22. ಒಂದು ವಿಭಾಗದ ಸಮಯ ಮುಗಿದ ಮೇಲೆ ಅಲ್ಲಿಗೆ ಮರಳುವಂತಿಲ್ಲ. ಒಂದರಲ್ಲಿ ಉಳಿಸಿದ ಸಮಯವನ್ನು ಇನ್ನೊಂದಕ್ಕೆ ಒಯ್ಯುವಂತಿಲ್ಲ. ಓದು, ತರ್ಕ, ಲೆಕ್ಕ, ಇಷ್ಟೇ ವಿಷಯಗಳು. ಸಾಮಾನ್ಯ ಜ್ಞಾನವೂ ಇಲ್ಲ.

ಗಣಿತದಿಂದ ಆರಂಭಿಸುತ್ತೇನೆ, ಏಕೆಂದರೆ ಹೆದರಿಕೆ ಇರುವುದು ಅಲ್ಲಿ. ಇಲ್ಲಿ ಕಲನಶಾಸ್ತ್ರವಿಲ್ಲ. ಹೆಚ್ಚಿನ ಪ್ರಶ್ನೆಗಳು ಅಂಕಗಣಿತದಿಂದ ಬರುತ್ತವೆ: ಶೇಕಡಾ, ಲಾಭ-ನಷ್ಟ, ಬಡ್ಡಿ, ಅನುಪಾತ, ಸರಾಸರಿ, ಮಿಶ್ರಣ, ಕಾಲ ಮತ್ತು ಕೆಲಸ, ಕಾಲ ಮತ್ತು ದೂರ. ಆಮೇಲೆ ಬೀಜಗಣಿತ: ಸಮೀಕರಣಗಳು, ಅಸಮಾನತೆಗಳು, ಶ್ರೇಢಿಗಳು, ಲಾಗರಿದಮ್. ರೇಖಾಗಣಿತದಲ್ಲಿ ತ್ರಿಭುಜ, ವೃತ್ತ, ಕ್ಷೇತ್ರಫಲ. ಸಂಖ್ಯಾ ಗುಣಗಳು, ಕ್ರಮಯೋಜನೆ ಮತ್ತು ವಿಕಲ್ಪಗಳು ಸ್ವಲ್ಪ. ಇದರಲ್ಲಿ ಬಹುಪಾಲನ್ನು ನೀವು ಎಂಟರಿಂದ ಹತ್ತನೇ ತರಗತಿಯೊಳಗೆ ಒಮ್ಮೆ ಕಲಿತು, ಪರೀಕ್ಷೆ ಬರೆದು, ಮರೆತಿದ್ದೀರಿ.

ಎಂಟನೇ ತರಗತಿಯ ಪಾಠವೇ ಆದರೂ ಪ್ರಶ್ನೆ ಎಂಟನೇ ತರಗತಿಯದಲ್ಲ. ಒಂದು ಉದಾಹರಣೆ ನೋಡಿ. ಅಂಗಡಿಯವನು ಸಾವಿರ ರೂಪಾಯಿಯ ಸೀರೆಯ ಬೆಲೆಯನ್ನು ಶೇಕಡಾ 20 ಏರಿಸಿ, ಆಮೇಲೆ ಶೇಕಡಾ 20 ರಿಯಾಯಿತಿ ಎಂದು ಫಲಕ ಹಾಕುತ್ತಾನೆ. ಏರಿದ್ದೂ ಇಪ್ಪತ್ತು, ಇಳಿದದ್ದೂ ಇಪ್ಪತ್ತು, ಆದ್ದರಿಂದ ಮತ್ತೆ ಸಾವಿರ ಎನ್ನುವಿರಾ? ಸಾವಿರ 1200 ಆಗುತ್ತದೆ. 1200ರ ಶೇಕಡಾ 20 ಎಂದರೆ 240. ಸೀರೆ 960ಕ್ಕೆ ಬರುತ್ತದೆ. ಇನ್ನೊಂದು: 120 ಕಿಲೋಮೀಟರ್ ದೂರದ ಊರಿಗೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗಿ, 40ರ ವೇಗದಲ್ಲಿ ಹಿಂದಿರುಗಿದರೆ ಸರಾಸರಿ ವೇಗ ಎಷ್ಟು? ನಾಲಿಗೆ ತಟ್ಟನೆ 50 ಎನ್ನುತ್ತದೆ. ಹೋಗಲು ಎರಡು ಗಂಟೆ, ಬರಲು ಮೂರು ಗಂಟೆ, 240 ಕಿಲೋಮೀಟರಿಗೆ ಐದು ಗಂಟೆ, ಉತ್ತರ 48. ಇಲ್ಲಿ ಸೂತ್ರ ಗೊತ್ತಿಲ್ಲದವರು ಸೋಲುವುದಿಲ್ಲ, 'ಯಾವುದರ ಶೇಕಡಾ, ಯಾವುದರ ಸರಾಸರಿ' ಎಂದು ಒಂದು ಕ್ಷಣ ನಿಂತು ಕೇಳಿಕೊಳ್ಳದವರು ಸೋಲುತ್ತಾರೆ.

7ರ 95ನೇ ಘಾತದ ಕೊನೆಯ ಅಂಕಿ ಯಾವುದು ಎಂಬಂತಹ ಪ್ರಶ್ನೆಗಳೂ ಇರುತ್ತವೆ. ಗುಣಿಸಲು ಕುಳಿತರೆ ಕೆಟ್ಟಿರಿ. 7, 49, 343, 2401: ಕೊನೆಯ ಅಂಕಿಗಳು 7, 9, 3, 1. ಮುಂದೆ ಮತ್ತೆ 7. ನಾಲ್ಕಕ್ಕೊಮ್ಮೆ ಮರುಕಳಿಸುತ್ತದೆ. 95ನ್ನು 4ರಿಂದ ಭಾಗಿಸಿದರೆ ಶೇಷ 3. ಆದ್ದರಿಂದ ಮೂರನೆಯ ಅಂಕಿ, 3. ಪರದೆಯ ಮೇಲೆ ಒಂದು ಕ್ಯಾಲ್ಕುಲೇಟರ್ ಕೊಟ್ಟಿರುತ್ತಾರೆ. ಆದರೆ ಮೌಸ್ ಹಿಡಿದು ಒಂದೊಂದೇ ಅಂಕಿಯನ್ನು ಒತ್ತುವಷ್ಟರಲ್ಲಿ ಮಗ್ಗಿ ಬಲ್ಲ ಹುಡುಗಿ ಮುಂದಿನ ಪ್ರಶ್ನೆಗೆ ಹೋಗಿರುತ್ತಾಳೆ. ಇಪ್ಪತ್ತೈದರವರೆಗೆ ಮಗ್ಗಿ, ಮೂವತ್ತರವರೆಗೆ ವರ್ಗಸಂಖ್ಯೆಗಳು ಬಾಯಿಗೆ ಬರಲಿ. ಇದು ಹಳೆಯ ಕಾಲದ ಮೇಷ್ಟರ ಮಾತಿನಂತೆ ಕೇಳಿಸಿದರೆ ಕೇಳಿಸಲಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಲ್ಲಿ ಪ್ರತ್ಯೇಕವಾಗಿ ಒಂದು ಮಾತು. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ ಇರುತ್ತದೆ. ನಿಮಗೆ ಗಣಿತ ಗೊತ್ತು, ಗಣಿತದ ಇಂಗ್ಲಿಷ್ ಗೊತ್ತಿಲ್ಲ. ಅದನ್ನು ನೀವು ಗಣಿತವೇ ಬಾರದು ಎಂದು ತಪ್ಪಾಗಿ ಭಾವಿಸುತ್ತೀರಿ. ಒಂದು ಸಣ್ಣ ನೋಟ್ ಪುಸ್ತಕದಲ್ಲಿ ಎರಡು ಕಾಲಂ ಹಾಕಿ. ಶೇಷಕ್ಕೆ ರಿಮೈಂಡರ್, ಭಾಜಕಕ್ಕೆ ಡಿವೈಸರ್, ಅನುಪಾತಕ್ಕೆ ರೇಷಿಯೊ, ಪೂರ್ಣಾಂಕಕ್ಕೆ ಇಂಟಿಜರ್ ಎಂದು ಬರೆದುಕೊಳ್ಳುತ್ತಾ ಹೋದರೆ ನೂರು ನೂರೈವತ್ತು ಪದಗಳೊಳಗೆ ಕೆಲಸ ಮುಗಿಯುತ್ತದೆ. ಇವಕ್ಕಿಂತ ಅಪಾಯಕಾರಿಯಾದವು ಚಿಕ್ಕ ಪದಗಳು. 'ಅಟ್ ಲೀಸ್ಟ್ ಮೂರು' ಎಂದರೆ ಮೂರಕ್ಕೆ ಕಡಿಮೆಯಿಲ್ಲ. 'ಅಟ್ ಮೋಸ್ಟ್ ಮೂರು' ಎಂದರೆ ಮೂರಕ್ಕೆ ಹೆಚ್ಚಿಲ್ಲ. 'ಡಿಸ್ಟಿಂಕ್ಟ್' ಎಂದರೆ ಒಂದರಂತೆ ಇನ್ನೊಂದು ಇರಕೂಡದು. 'ನಾಟ್ ನೆಸೆಸರಿಲಿ' ಎಂದರೆ ಇರಲೇಬೇಕೆಂದಿಲ್ಲ, ಇರಲೂಬಹುದು. ಇಂತಹ ಒಂದು ಪದವನ್ನು ತಲೆಕೆಳಗಾಗಿ ಓದಿದರೆ ನಾಲ್ಕು ನಿಮಿಷದ ಸರಿಯಾದ ಲೆಕ್ಕ ತಪ್ಪು ಉತ್ತರಕ್ಕೆ ಹೋಗಿ ಸೇರುತ್ತದೆ.

ಎರಡನೆಯದು ದತ್ತಾಂಶ ಮತ್ತು ತರ್ಕ. ಇದಕ್ಕೆ ಪಠ್ಯಪುಸ್ತಕವೇ ಇಲ್ಲ ಎಂದು ವಿದ್ಯಾರ್ಥಿಗಳು ದೂರುತ್ತಾರೆ. ಪುಸ್ತಕವಿಲ್ಲ, ಅಭ್ಯಾಸ ಉಂಟು. ಹಾಸ್ಟೆಲಿನ ನಾಲ್ವರು ಗೆಳತಿಯರು ಉಷಾ, ರೇಖಾ, ಶೈಲಾ, ಮಂಗಳಾ. ಒಬ್ಬೊಬ್ಬರು ಒಂದೊಂದು ಊರಿನವರು: ಬೀದರ್, ಕಾರವಾರ, ಹಾಸನ, ಕೋಲಾರ. ಉಷಾಳ ಊರು ಬೀದರ್ ಅಲ್ಲ, ಕೋಲಾರವೂ ಅಲ್ಲ. ಶೈಲಾ ಕಾರವಾರದವಳು. ಮಂಗಳಾಳ ಊರು ಬೀದರ್ ಅಲ್ಲ. ರೇಖಾ ಎಲ್ಲಿಯವಳು? ಅವಳ ಬಗ್ಗೆ ಒಂದು ಮಾತನ್ನೂ ಹೇಳಿಲ್ಲವಲ್ಲ ಎಂದು ಗಾಬರಿಯಾಗಬೇಡಿ. ನಾಲ್ಕು ಸಾಲು, ನಾಲ್ಕು ಕಾಲಂ ಎಳೆದು, ಇಲ್ಲದ್ದಕ್ಕೆ ಕಾಟು ಹಾಕುತ್ತಾ ಬನ್ನಿ. ಕಾರವಾರ ಶೈಲಾಳಿಗೆ ಹೋದ ಮೇಲೆ ಉಷಾಳಿಗೆ ಹಾಸನವೊಂದೇ ಉಳಿಯುತ್ತದೆ. ಮಂಗಳಾಳಿಗೆ ಕೋಲಾರ. ಉಳಿದ ಬೀದರ್ ರೇಖಾಳದು. ಪರೀಕ್ಷೆಯಲ್ಲಿ ನಾಲ್ವರ ಬದಲು ಎಂಟು ಜನ, ಊರಿನ ಜೊತೆಗೆ ಉದ್ಯೋಗ, ವಯಸ್ಸು, ಕುಳಿತ ಜಾಗ ಎಲ್ಲ ಸೇರಿರುತ್ತವೆ. ವಿಧಾನ ಇದೇ.

ದತ್ತಾಂಶದ ಅಭ್ಯಾಸಕ್ಕೆ ದಿನಪತ್ರಿಕೆಯ ಕೋಷ್ಟಕಗಳು ಸಾಕು. ಒಂದು ಕಾಲೇಜಿನಲ್ಲಿ ಪ್ರಥಮ ದರ್ಜೆ ಪಡೆದವರು 40ರಿಂದ 60ಕ್ಕೆ ಏರಿದರು. ಇನ್ನೊಂದರಲ್ಲಿ 200ರಿಂದ 240ಕ್ಕೆ. ಹೆಚ್ಚು ಪ್ರಗತಿ ಎಲ್ಲಿ? ತಲೆ ಎಣಿಸಿದರೆ ಎರಡನೆಯದು, ಅಲ್ಲಿ 40 ಮಂದಿ ಹೆಚ್ಚಾದರು. ಶೇಕಡಾ ಲೆಕ್ಕದಲ್ಲಿ ಮೊದಲನೆಯದು, ಅಲ್ಲಿ ಶೇಕಡಾ 50ರಷ್ಟು ಏರಿಕೆ, ಎರಡನೆಯದರಲ್ಲಿ 20. ಚುನಾವಣೆ, ಬಜೆಟ್, ಫಲಿತಾಂಶ, ಯಾವುದೇ ಸುದ್ದಿಯಲ್ಲಿ ಅಂಕಿ ಬಂದಾಗ ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿ ಮಾಡಿ ನೋಡಿ. ಸುದ್ದಿ ವಿಭಾಗದ ನನ್ನ ಸಹೋದ್ಯೋಗಿಗಳಿಗೆ ಈ ಸಲಹೆ ಅಷ್ಟೇನೂ ಪ್ರಿಯವಾಗಲಾರದು!

ಇನ್ನು ಓದು. ಇದರ ಬಗ್ಗೆ ಮಾತನಾಡುವಾಗ ನನ್ನದೇ ಕಥೆಯನ್ನು ಹೇಳದೆ ನಿರ್ವಾಹವಿಲ್ಲ. ನಾನು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದ ಬಿ.ಎಸ್ಸಿ. ಪದವೀಧರ. ಕಾಗದದ ಕಾಲದಲ್ಲೇ ಈ ಪರೀಕ್ಷೆಗೆ ಕುಳಿತಿದ್ದೆ. ಗಣಿತದ ಪ್ರಶ್ನೆಗಳನ್ನು ಕಂಡು ಹಿಗ್ಗಿ, ಒಂದನ್ನೂ ಬಿಡಬಾರದೆಂಬ ಹಟದಲ್ಲಿ ಅಲ್ಲೇ ಕಾಲ ಕಳೆದೆ. ಇಂಗ್ಲಿಷ್ ಗದ್ಯಭಾಗಗಳಿಗೆ ಬಂದಾಗ ಉಳಿದಿದ್ದ ಸಮಯ ಕಣ್ಣಾಡಿಸಲಿಕ್ಕೂ ಸಾಲಲಿಲ್ಲ. ಫಲಿತಾಂಶದ ಕಾಗದದಲ್ಲಿ ಗಣಿತದ ಅಂಕ ಚೆನ್ನಾಗಿತ್ತು, ಓದಿನದು ನೆಲ ಕಚ್ಚಿತ್ತು. ಪ್ರತಿ ವಿಭಾಗದಲ್ಲೂ ಕನಿಷ್ಠ ಮಟ್ಟ ದಾಟಬೇಕೆಂಬ ನಿಯಮ ನನಗೆ ಗೊತ್ತಿದ್ದರೂ ಅದು ನನಗಲ್ಲ ಎಂದುಕೊಂಡಿದ್ದೆ. ಎಲ್ಲಿಂದಲೂ ಕರೆ ಬರಲಿಲ್ಲ. ಇಂದು ವಿಭಾಗಕ್ಕೆ ಇಷ್ಟೇ ನಿಮಿಷ ಎಂದು ಕಂಪ್ಯೂಟರೇ ಬೀಗ ಹಾಕುವುದರಿಂದ ಆ ತಪ್ಪನ್ನು ನೀವು ಅದೇ ರೂಪದಲ್ಲಿ ಮಾಡಲಾರಿರಿ. ಆದರೆ ತಯಾರಿಯಲ್ಲಿ ಮಾಡಬಲ್ಲಿರಿ: ಬರುವುದನ್ನೇ ದಿನವೂ ಅಭ್ಯಾಸ ಮಾಡುತ್ತಾ, ಬಾರದ್ದನ್ನು ನಾಳೆಗೆ ದೂಡುತ್ತಾ.

2024ರ ಪತ್ರಿಕೆಯ 24 ಭಾಷಾ ಪ್ರಶ್ನೆಗಳಲ್ಲಿ 16 ಬಂದದ್ದು ನಾಲ್ಕು ಗದ್ಯಭಾಗಗಳ ಮೇಲೆ. ಉಳಿದವು ಚದುರಿದ ವಾಕ್ಯಗಳನ್ನು ಜೋಡಿಸುವುದು, ಬಿಟ್ಟುಹೋದ ವಾಕ್ಯದ ಜಾಗ ಹುಡುಕುವುದು, ಸಾರಾಂಶವನ್ನು ಆರಿಸುವುದು ಇತ್ಯಾದಿ. ಕಠಿಣ ಪದಗಳ ಪಟ್ಟಿಯನ್ನು ಉರು ಹೊಡೆಯುವುದರಿಂದ ಇಲ್ಲಿ ಹೆಚ್ಚು ಪ್ರಯೋಜನವಿಲ್ಲ. ಬೇಕಾದದ್ದು ಬರೆದವನು ಏನು ಹೇಳಿದ್ದಾನೆ, ಏನು ಹೇಳಿಲ್ಲ ಎಂದು ಬೇರ್ಪಡಿಸುವ ಶಕ್ತಿ. ಒಂದು ಗದ್ಯಭಾಗದ ವಾದ ಹೀಗಿದೆ ಎಂದಿಟ್ಟುಕೊಳ್ಳಿ: ಕೆರೆಗಳಲ್ಲಿ ಹೂಳು ತುಂಬಿದ್ದು ಜನ ಸೋಮಾರಿಗಳಾದುದರಿಂದಲ್ಲ, ಅವುಗಳ ಹೊಣೆ ಊರಿನ ಕೈಯಿಂದ ಕಚೇರಿಯ ಕೈಗೆ ಹೋದುದರಿಂದ. ಲೇಖಕರ ಮುಖ್ಯ ಅಭಿಪ್ರಾಯ ಯಾವುದು ಎಂದು ಕೇಳಿ ಕೊಡುವ ಉತ್ತರಗಳಲ್ಲಿ 'ಕೆರೆಗಳಿಂದ ಅಂತರ್ಜಲ ಹೆಚ್ಚುತ್ತದೆ' ಎಂಬುದೂ ಒಂದಾಗಿರುತ್ತದೆ. ಮಾತು ನಿಜ. ಆದರೆ ಲೇಖಕರು ಅದನ್ನು ಹೇಳಿಲ್ಲ. 'ಸರ್ಕಾರ ಕೆರೆಗಳನ್ನು ಮುಟ್ಟಲೇಬಾರದು' ಎಂಬುದು ಇನ್ನೊಂದು. ಅದು ಅವರು ಹೇಳಿದ್ದಕ್ಕಿಂತ ಹೆಚ್ಚು. ತಿಳಿವಳಿಕೆಯುಳ್ಳ ವಿದ್ಯಾರ್ಥಿಗಳು ಮೊದಲ ಬಲೆಗೆ, ಉತ್ಸಾಹಿಗಳು ಎರಡನೆಯ ಬಲೆಗೆ ಬೀಳುತ್ತಾರೆ.

ಈ ಶಕ್ತಿಯನ್ನು ಬೆಳೆಸಲು ಇಂಗ್ಲಿಷ್ ಬರುವವರೆಗೆ ಕಾಯಬೇಕಾಗಿಲ್ಲ. ಇಂದೇ ಕನ್ನಡ ಪತ್ರಿಕೆಯ ಸಂಪಾದಕೀಯವನ್ನು ಓದಿ, ಅದರ ವಾದವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ಕಾಲೇಜಿನ ಗ್ರಂಥಾಲಯದಲ್ಲಿ ಇದ್ದೇ ಇರುತ್ತದೆ. ಸಸ್ಯಶಾಸ್ತ್ರ ಓದದವರೂ ಸಸ್ಯಗಳ ಬಗ್ಗೆ ಹತ್ತು ಪುಟ ಓದಿ ದಾರಿ ತಪ್ಪದೆ ಹೊರಬರುವುದು ಹೇಗೆಂದು ಅದರಲ್ಲಿ ಅಭ್ಯಾಸವಾಗುತ್ತದೆ. ಪರೀಕ್ಷೆಯ ಗದ್ಯಭಾಗಗಳೂ ಹಾಗೆಯೇ, ಇತಿಹಾಸ, ಪರಿಸರ, ತತ್ವಶಾಸ್ತ್ರ, ಅರ್ಥಶಾಸ್ತ್ರ ಎಂದು ನಿಮಗೆ ಪರಿಚಯವಿಲ್ಲದ ಕಡೆಗೆ ಎಳೆದೊಯ್ಯುತ್ತವೆ. ಜೊತೆಗೆ ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ. ಮೊದಲ ತಿಂಗಳು ಒಂದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಹಿಡಿಯಲಿ.

ಅಂಕಗಳ ಲೆಕ್ಕವನ್ನೂ ತಿಳಿದಿರಬೇಕು. ಸರಿ ಉತ್ತರಕ್ಕೆ 3 ಅಂಕ. ನಾಲ್ಕು ಆಯ್ಕೆಗಳ ಪ್ರಶ್ನೆಯಲ್ಲಿ ತಪ್ಪಿದರೆ 1 ಅಂಕ ಕಡಿತ. ಕಣ್ಣು ಮುಚ್ಚಿ ಊಹಿಸಿದರೆ ನಾಲ್ಕರಲ್ಲಿ ಒಂದು ಸರಿಯಾಗಬಹುದು: ಬಂದದ್ದು ಮೂರು, ಹೋದದ್ದು ಮೂರು. ಲಾಭವೂ ಇಲ್ಲ, ನಷ್ಟವೂ ಇಲ್ಲ, ನಿಮಿಷ ಮಾತ್ರ ಹೋಯಿತು. ಆದರೆ ಒಂದು ಆಯ್ಕೆ ಖಂಡಿತ ತಪ್ಪು ಎಂದು ತಿಳಿದರೆ ಲೆಕ್ಕ ಬದಲಾಗುತ್ತದೆ. ಅಂತಹ ಹನ್ನೆರಡು ಪ್ರಶ್ನೆಗಳಲ್ಲಿ ನಾಲ್ಕು ಸರಿಯಾದರೆ 12 ಬಂತು, ಎಂಟು ತಪ್ಪಿದರೆ 8 ಹೋಯಿತು. ನಾಲ್ಕು ಅಂಕ ಉಳಿಯಿತು. ಉತ್ತರವನ್ನು ನೀವೇ ಟೈಪ್ ಮಾಡಬೇಕಾದ ಪ್ರಶ್ನೆಗಳಿಗೆ ಕಡಿತವಿಲ್ಲ, ಅವನ್ನು ಖಾಲಿ ಬಿಡಬಾರದು. ಸಂಭವನೀಯತೆಯ ಪಾಠವನ್ನು ಪ್ರಶ್ನೆಪತ್ರಿಕೆಯೊಳಗೆ ಹುಡುಕುವವರು ಅದನ್ನು ಹೊರಗಿನ ನಿಯಮಕ್ಕೂ ಅನ್ವಯಿಸಬೇಕು.

'ತೊಂಬತ್ತೊಂಬತ್ತು ಬರಬೇಕಂತೆ' ಎಂದು ಹಿಂಜರಿಯುವವರಿದ್ದಾರೆ. ಅದು ಪರ್ಸೆಂಟೇಜ್ ಅಲ್ಲ, ಪರ್ಸೆಂಟೈಲ್. ಬರೆದವರಲ್ಲಿ ಶೇಕಡಾ 99ರಷ್ಟು ಮಂದಿಗಿಂತ ನೀವು ಮೇಲಿದ್ದೀರಿ ಎಂದು ಅರ್ಥ. 2024ರಲ್ಲಿ ಸುಮಾರು 2 ಲಕ್ಷ 93 ಸಾವಿರ ಮಂದಿ ಬರೆದಿದ್ದರು. ಒಟ್ಟು 204 ಅಂಕಗಳಲ್ಲಿ ಅರ್ಧದ ಆಸುಪಾಸಿನ ಅಂಕಕ್ಕೇ ಆ ಸ್ಥಾನ ದೊರೆಯಿತು. ಅಂದರೆ ತುಂಬಾ ಪ್ರಶ್ನೆಗಳನ್ನು ಬಿಟ್ಟವರೂ ಮೇಲೆ ಬಂದರು. ತರ್ಕದ ವಿಭಾಗದಲ್ಲಿ ಐದು ಗುಂಪು ಪ್ರಶ್ನೆಗಳಿದ್ದರೆ ಮೊದಲ ಐದು ನಿಮಿಷ ಐದನ್ನೂ ಓದಿ, ಎರಡೋ ಮೂರೋ ಆರಿಸಿಕೊಳ್ಳಿ. ಎರಡು ಗಂಟೆ ಚಿತ್ರೀಕರಿಸಿದ್ದನ್ನು ಅರ್ಧ ಗಂಟೆಗೆ ಇಳಿಸುವುದು ನನ್ನ ನಿತ್ಯದ ಕಸುಬು. ಇಷ್ಟವಾದ ದೃಶ್ಯವನ್ನು ತೆಗೆದುಹಾಕುವುದು ಎಷ್ಟು ಕಷ್ಟವೆಂದು ಬಲ್ಲೆ. ಹಾಲ್‌ನಲ್ಲಿ ಅದನ್ನು ಮೊದಲ ಬಾರಿಗೆ ಕಲಿಯಲಾಗುವುದಿಲ್ಲ. ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆಗಳ ಮೇಲೆ ಕಲಿಯಬೇಕು. ಪರೀಕ್ಷೆಯ ಅಧಿಕೃತ ಜಾಲತಾಣದಲ್ಲೂ ಉಚಿತ ಮಾದರಿ ಪರೀಕ್ಷೆ ಇರುತ್ತದೆ. ತರಬೇತಿ ಕೇಂದ್ರಗಳು ಶಿಸ್ತನ್ನು ಕೊಡಬಹುದು. ಸಾಲ ಮಾಡಿ ಕೊಳ್ಳುವಂತಹ ರಹಸ್ಯ ಅಲ್ಲೇನೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಕ್ಯಾಟ್ ಒಂದೇ ಬಾಗಿಲಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿಯ ಮೂಲಕ ನಮ್ಮ ವಿಶ್ವವಿದ್ಯಾಲಯಗಳ ಮತ್ತು ಕಾಲೇಜುಗಳ ಎಂಬಿಎ ಸೀಟುಗಳು ದೊರೆಯುತ್ತವೆ. ಅಲ್ಲಿ ಇಂಗ್ಲಿಷ್, ತರ್ಕ, ಗಣಿತಗಳ ಜೊತೆಗೆ ಸಾಮಾನ್ಯ ಜ್ಞಾನವೂ ಇದೆ; ತಪ್ಪಿಗೆ ಅಂಕ ಕಡಿತವಿಲ್ಲ. ಜಮ್‌ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ ನಡೆಸುವ ಎಕ್ಸ್‌ಎಟಿಯಲ್ಲಿ ನಿರ್ಧಾರ ಕೈಗೊಳ್ಳುವ ಸನ್ನಿವೇಶಗಳ ವಿಭಾಗವೊಂದು ಹೆಚ್ಚು. ಬುನಾದಿ ಒಂದೇ. ಹಳೆಯ ಐಐಎಂಗಳ ಶುಲ್ಕ 20 ಲಕ್ಷ ರೂಪಾಯಿ ಮೀರಿರುವಾಗ, ಬ್ಯಾಂಕ್ ಸಾಲದ ಮಾತನ್ನು ಮನೆಯಲ್ಲಿ ಮೊದಲೇ ಆಡಿಕೊಂಡು ಮುಂದುವರಿಯುವುದು ಒಳ್ಳೆಯದು.

ಇನ್ನೂ ಹೈಸ್ಕೂಲಿನಲ್ಲಿ ಇರುವವರು ಒಂದು ಸಂಗತಿಯನ್ನು ಗಮನಿಸಿ. ಬೆಂಗಳೂರಿನ ಐಐಎಂ ಸೇರಿದಂತೆ ಹಲವು ಸಂಸ್ಥೆಗಳು ಆಯ್ಕೆಯ ವೇಳೆ ಹತ್ತನೇ ತರಗತಿ, ಪಿಯುಸಿ, ಪದವಿಯ ಅಂಕಗಳಿಗೂ ಬೆಲೆ ಕೊಡುತ್ತವೆ. ಹದಿನೈದನೇ ವಯಸ್ಸಿನಲ್ಲಿ ಮನೆಯಲ್ಲಿ ಕಾಯಿಲೆಯೋ ಬಡತನವೋ ಇದ್ದು ಕಡಿಮೆ ಅಂಕ ಪಡೆದ ಹುಡುಗನನ್ನು ಅದು ಏಳು ವರ್ಷ ಹಿಂಬಾಲಿಸುವುದು ನ್ಯಾಯವೆಂದು ನನಗೆ ಅನಿಸುವುದಿಲ್ಲ. ಆದರೂ ನಿಯಮ ಹಾಗಿದೆ, ತಿಳಿದಿರಲಿ. ಸಂಸ್ಥೆಯಿಂದ ಸಂಸ್ಥೆಗೆ ತೂಕ ಬೇರೆಬೇರೆ ಇರುವುದರಿಂದ, ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ನೋಡಲು ಅವಕಾಶವಿದೆ.

ಸಂದರ್ಶನದ ಹಂತಕ್ಕೆ ಬಂದಾಗ ಎಲ್ಲರೂ ಮರೆಯುವ ವಿಷಯವೊಂದಿದೆ: ನಿಮ್ಮ ಪದವಿಯ ವಿಷಯ. ಇತಿಹಾಸ ಓದಿದವಳನ್ನು ಅಲ್ಲಿ ಬ್ಯಾಲೆನ್ಸ್ ಶೀಟಿನ ಬಗ್ಗೆ ಅಲ್ಲ, ವಿಜಯನಗರದ ಪೇಟೆಗಳ ಬಗ್ಗೆ ಕೇಳುವ ಸಂಭವವೇ ಹೆಚ್ಚು. ಮೂರು ವರ್ಷ ಓದಿದ್ದನ್ನು ಹತ್ತು ನಿಮಿಷ ತಿಳಿಯಾಗಿ ಹೇಳಲಾರದವರು ಕೊನೆಯ ವಾರ ಓದಿದ ವಾಣಿಜ್ಯ ಪತ್ರಿಕೆಯಿಂದ ಪಾರಾಗುವುದಿಲ್ಲ. ಆದ್ದರಿಂದ ಸಿಂಧನೂರಿನ ಆ ವಿದ್ಯಾರ್ಥಿನಿಗೆ ನಾನು ಹೇಳಬೇಕಾಗಿದ್ದದ್ದು ಇಷ್ಟು: ನಿನ್ನ ಬಿ.ಎ.ಯನ್ನು ಚೆನ್ನಾಗಿ ಓದಮ್ಮಾ, ದಿನಕ್ಕೆ ಒಂದು ಗಂಟೆ ಹಳೆಯ ಲೆಕ್ಕ, ಅರ್ಧ ಗಂಟೆ ಇಂಗ್ಲಿಷ್ ಓದು, ವಾರಕ್ಕೆ ನಾಲ್ಕು ತರ್ಕದ ಒಗಟು, ಕಾಮರ್ಸ್ ಬೇಕಾಗಿಲ್ಲ. ಇಪ್ಪತ್ತು ಸೆಕೆಂಡಿನ ಮಾತು. ಅಂದು ಅಷ್ಟು ಸಮಯವಂತೂ ಇತ್ತು.

ನಿಮ್ಮ ಎಂಟು, ಒಂಬತ್ತು, ಹತ್ತನೇ ತರಗತಿಯ ಗಣಿತ ಪುಸ್ತಕಗಳು ಮನೆಯ ಅಟ್ಟದಲ್ಲಿ ಇವೆಯೇ ನೋಡಿ. ನನ್ನಂತೆ ರದ್ದಿ ಅಂಗಡಿಗೆ ಹಾಕಿದ್ದರೆ ಪಕ್ಕದ ಮನೆಯ ಮಕ್ಕಳನ್ನು ಕೇಳಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲೂ ಕನ್ನಡ ಮತ್ತು ಇಂಗ್ಲಿಷ್ ಎರಡೂ ಮಾಧ್ಯಮದ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಶೇಕಡಾ ಲೆಕ್ಕಗಳಿಂದ ಆರಂಭಿಸಿ.